ಐವರು ಹೆಂಗಸರು ಸಾಕಿದ ಚಾಕಿ ಹುಳ

ನಮ್ಮ ನಂದಿನಿ ಬರುವ ಸೋಮವಾರ ಚಾಕಿ ಶೆಡ್ಡು, ಅಂದರೆ ರೇಷ್ಮೆಯ ಎಳೆ ಹುಳ ಸಾಕುವ ಶೆಡ್ಡು, ತೆರೆಯುತ್ತಾಳೆ. ನನ್ನ ಮೊಮ್ಮಗಳು, ಮಗನ ಮಗಳು, ಸ್ವಂತ ಶೆಡ್ಡು! ಇದನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ಡೇರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದೆ. ರಾಮನಗರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಯಮ್ಮ "ಸಂತೋಸ ಕಣವ್ವ" ಅಂದು ಕಿಟಕಿ ಕಡೆ ತಿರುಗಿಕೊಂಡಳು. ತಿರುಗಿಕೊಳ್ಳಲಿ, ಹೇಳಬೇಕಾದ್ದು ಹೇಳಿಯಾಗಿತ್ತು.

ಅವಳ ಕೈಕೆಳಗೆ ನಾಲ್ಕು ಜನ ಹುಡುಗಿಯರು ಹೊಸದಾಗಿ ಕೆಲಸಕ್ಕೆ ಸೇರುತ್ತಾರೆ. "ಅಜ್ಜಿ, ನೀನು ಶೆಡ್ಡಲ್ಲಿ ಕೆಲ್ಸ ಮಾಡಿದ್ದನ್ನೆಲ್ಲ ಬರೆದ್ಕೊಡು. ಇವರಿಗೆ ಓದಿ ಹೇಳ್ತೀನಿ" ಅಂತ ಕೇಳಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಬಂದರೆ ಒಸಿ ಹೊತ್ತು ಪೆನ್ನು ಎತ್ತಿ ಹಿಡಿದು ಯೋಚನೆ ಮಾಡುತ್ತೇನೆ. ಆದರೂ ಮೊಮ್ಮಗಳು ಕೇಳಿದ ಮೇಲೆ ಇಲ್ಲ ಅನ್ನುವುದಕ್ಕೆ ನನಗೆ ಬಾಯಿಲ್ಲ.

ಹುಡುಗಿಯರೇ, ಮೊದಲು ಒಬ್ಬ ಪಂಡಿತನ ಕಥೆ ಕೇಳಿ. ನಂದಿನಿ ಕಾಲೇಜಿಗೆ ಹೋಗುವಾಗ ನಮ್ಮ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಸ್ಕಾಟ್ಲೆಂಡ್ ಅನ್ನುವ ದೇಶದಲ್ಲಿ ಹಿಂದಿನ ಕಾಲದಲ್ಲಿ ಒಬ್ಬ ದೊಡ್ಡ ಪಂಡಿತನಿದ್ದನಂತೆ. ಈಗಿನ ಥರದ ಫ್ಯಾಕ್ಟರಿ, ವ್ಯಾಪಾರ, ಬಂಡವಾಳ ಎಲ್ಲ ಆಗ ತಾನೇ ತಲೆಯೆತ್ತುತ್ತಿತ್ತು. ಅದೆಲ್ಲ ಹೇಗೆ ನಡೆಯುತ್ತದೆ ಅನ್ನುವುದನ್ನು ಅವನು ಬಿಡಿಸಿ ಬಿಡಿಸಿ ಬರೆದನಂತೆ. ಅವನು ಶುರು ಮಾಡಿದ್ದು ಗುಂಡುಸೂಜಿಯಿಂದ. ಒಬ್ಬನೇ ಕೂತು ತಂತಿ ಎಳೆದು, ಕತ್ತರಿಸಿ, ಮೊನೆ ಮಸೆದು, ತಲೆ ಕೂರಿಸಿದರೆ ದಿನಕ್ಕೆ ಒಂದು ಹಿಡಿ ಸೂಜಿಯೂ ಆಗುವುದಿಲ್ಲ. ಅದೇ ಒಬ್ಬ ತಂತಿ ಎಳೆಯುವುದು, ಇನ್ನೊಬ್ಬ ಕತ್ತರಿಸುವುದು, ಮತ್ತೊಬ್ಬ ಮೊನೆ ಮಾಡುವುದು ಅಂತ ಹಂಚಿಕೊಂಡರೆ ಮೂಟೆಗಟ್ಟಲೆ ಸೂಜಿ.

ನಾನು ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿಬಿಟ್ಟೆ. "ಇದು ನಮ್ಮ ಶೆಡ್ಡಿನ ಕಥೆ ಅಲ್ವೇನೇ! ಆವಯ್ಯ ಹುಳ ಸಾಕಿದ್ನಾ?"

"ಇಲ್ಲ ಅಜ್ಜಿ, ಕಾಲೇಜಲ್ಲಿ ಮೇಷ್ಟ್ರಾಗಿದ್ದ. ಮದುವೇನೇ ಆಗ್ಲಿಲ್ಲ. ಅವ್ವನ ಜೊತೇಲಿದ್ದ."

"ಹಂಗಾದ್ರೆ ಅತ್ತೆ ಸೊಸೆ ವಿಚಾರ ಅವನಿಗೆ ಗೊತ್ತಿರಾಕಿಲ್ಲ ಬುಡು" ಅಂದೆ.

ನಂದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮ ಶೆಡ್ಡು ಉಳಿಯುವುದೋ ಮುಚ್ಚುವುದೋ ಅನ್ನುವ ಪ್ರಶ್ನೆ ಬಂದಾಗ ಅದು ಬಂದು ನಿಂತದ್ದು ನಮ್ಮತ್ತೆಯ ಮುಂದೆ.

ಮೊದಲಿನ ಪದ್ಧತಿ ಹೇಳಿಬಿಡುತ್ತೇನೆ. ನಮ್ಮೂರು ಅಕ್ಕೂರಿನ ಪಕ್ಕ. ರಾಗಿ ಹೊಲ ಇದ್ದವರಿಗೆಲ್ಲ ಒಂದಿಷ್ಟು ಹಿಪ್ಪುನೇರಳೆ ತೋಟವೂ ಇತ್ತು, ಮನೆಮನೆಯಲ್ಲೂ ರೇಷ್ಮೆ ಹುಳ ಇತ್ತು. ಮೊಟ್ಟೆ ತಂದು ಮರಿ ಮಾಡುವುದರಿಂದ ಹಿಡಿದು ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೊರುವವರೆಗೂ ಎಲ್ಲವೂ ಆಯಾ ಮನೆಯವರದೇ ಕೆಲಸ. ಅದರಲ್ಲಿ ಮೊಟ್ಟೆ ಕಾಯುವುದು ಮನೆಯ ಹಿರಿಯ ಹೆಂಗಸಿನ ಹಕ್ಕು. ನಮ್ಮ ಮನೆಯಲ್ಲಿ ನಮ್ಮತ್ತೆ ಪುಟ್ಟತಾಯಮ್ಮ. ಮೊಟ್ಟೆಯ ಹಾಳೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಡುಗೆಮನೆ ಗೋಡೆಗೆ ನೇತು ಹಾಕುತ್ತಿದ್ದರು. ಛಳಿಯಾದರೆ ಒಲೆ ಹತ್ತಿರ, ಸೆಕೆಯಾದರೆ ನೀರಿನ ಗುಡಾಣದ ಹತ್ತಿರ. ಮರಿ ಎದ್ದ ದಿನ ಕೋಳಿ ಗರಿಯಲ್ಲಿ ಸವರಿ ತಟ್ಟೆಗೆ ಇಳಿಸುವುದೂ ಅವರೇ. ನಾನು ಸೊಸೆಯಾಗಿ ಬಂದು ಎರಡು ಮಕ್ಕಳ ತಾಯಿಯಾದರೂ ಆ ಗರಿ ನನ್ನ ಕೈಗೆ ಬಂದಿರಲಿಲ್ಲ.

ಒಂದೇ ತೊಂದರೆ. ಒಲೆಯ ಕಾವಿಗೆ ಮೊಟ್ಟೆ ಒಂದೇ ದಿನ ಒಡೆಯುತ್ತಿರಲಿಲ್ಲ. ಇವತ್ತು ಅರ್ಧ, ನಾಳೆ ಕಾಲು, ನಾಡಿದ್ದು ಉಳಿದದ್ದು. ಒಂದೇ ತಟ್ಟೆಯಲ್ಲಿ ಕೆಲವು ಹುಳ ಮೇಯುತ್ತಿದ್ದರೆ ಕೆಲವು ಜ್ವರಕ್ಕೆ ಕೂತಿರುತ್ತಿದ್ದವು. ಹುಳದ ಜ್ವರ ಅಂದರೆ ಕಾಯಿಲೆಯಲ್ಲ ಹುಡುಗಿಯರೇ. ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು, ಹಳೇ ಚರ್ಮ ಕಳಚುವುದು. ಕೂತ ಹುಳದ ಮೇಲೆ ಸೊಪ್ಪು ಬಿದ್ದರೆ ಹಾಳು, ಮೇಯುವ ಹುಳಕ್ಕೆ ಸೊಪ್ಪು ಬೀಳದಿದ್ದರೆ ಹಾಳು. ಎಳೆ ಹುಳ ಸಾಕುವುದು ಅಷ್ಟು ನಾಜೂಕು. ಹುಳಕ್ಕೆ ಒಟ್ಟು ನಾಲ್ಕು ಜ್ವರ, ಅದರಲ್ಲಿ ಮೊದಲ ಎರಡು ದಾಟಿಸುವ ಕೆಲಸಕ್ಕೇ ಚಾಕಿ ಅನ್ನುವುದು.

ಆಮೇಲೆ ಎರಡು ಸಾವಿರದ ಇಸವಿಯ ಆಸುಪಾಸಿನ ಕಾಲ ಬಂತು. ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿ ಎದ್ದವು. ಬೆಳಿಗ್ಗೆ ಗಾರ್ಮೆಂಟ್ಸಿನ ವ್ಯಾನು ಊರಬಾಗಿಲಿಗೇ ಬಂದು ಹಾರನ್ನು ಹೊಡೆಯುತ್ತಿತ್ತು. ಸೊಸೆಯಂದಿರು, ಹೆಣ್ಣುಮಕ್ಕಳು ಡಬ್ಬಿ ಕಟ್ಟಿಕೊಂಡು ಹತ್ತುತ್ತಿದ್ದರು. ಹಿಂದೆ ಹುಳದ ಮನೆಯಲ್ಲಿ ಆರು ಕೈ ಇದ್ದ ಕಡೆ ಎರಡು ಕೈ ಉಳಿಯಿತು. ಆಗಲೇ ನಮ್ಮ ಗೌಡರು ರಸ್ತೆ ಬದಿಯ ತಮ್ಮ ಜಮೀನಿನಲ್ಲಿ ಚಾಕಿ ಶೆಡ್ಡು ಕಟ್ಟಿಸಿದ್ದು. ಎಳೆ ಹುಳವನ್ನು ಇವರೇ ಸಾಕುವುದು, ಎರಡನೇ ಜ್ವರ ಮುಗಿದು ಹುಳ ಎದ್ದ ಮೇಲೆ ರೈತರು ಕೊಂಡುಹೋಗಿ ಗೂಡು ಕಟ್ಟಿಸುವುದು. ನಾವು ಐವರು ಹೆಂಗಸರು ಕೆಲಸಕ್ಕೆ ಸೇರಿದೆವು.

ನಮ್ಮ ಮೇಲಿನವನು ಹರೀಶ ಅಂತ, ಸೂಪರ್‌ವೈಸರು. ಮೀಸೆ ಇನ್ನೂ ಸರಿಯಾಗಿ ಕೂತಿರದ ಹುಡುಗ, ಆದರೂ ನಮಗೆ ಸಾರು. ಬಾಗಿಲಲ್ಲಿ ಔಷಧಿ ನೀರು ಇಟ್ಟು ಕಾಲು ತೊಳೆಸುತ್ತಿದ್ದ. ಕೈ ತೊಳೆಸುತ್ತಿದ್ದ. ಹೊಗೆಸೊಪ್ಪು ಹಾಕುವವರನ್ನು ಬಾಯಿ ತೆರೆಸಿ ನೋಡುತ್ತಿದ್ದ, ಯಾಕೆಂದರೆ ಹೊಗೆಸೊಪ್ಪಿನ ಕೈ ಸೋಕಿದರೆ ಹುಳ ಒದ್ದಾಡಿ ಸಾಯುತ್ತದೆ. ಕುರಿ ಸಾಕುವ ಮನೆಯ ಗೌರಮ್ಮ ಅವನ ಮುಂದೆ ಬಾಯಿ ಅಗಲಿಸಿ, "ಸರ್ಯಾಗ್ ನೋಡ್ಕೊ ಸಾರು, ಹಿಂದ್ಲ ಹಲ್ಲು ನೋಯ್ತದೆ, ಅದನ್ನೂ ಒಸಿ ಹೇಳು" ಅನ್ನುತ್ತಿದ್ದಳು. ಹರೀಶ ಕೆಂಪಗಾಗುತ್ತಿದ್ದ. ಆದರೂ ಒಂದು ದಿನವೂ ನೋಡುವುದು ಬಿಡಲಿಲ್ಲ. ಅದು ಅವನ ಒಳ್ಳೇ ಗುಣ.

ನಮ್ಮ ಮೊದಲನೇ ಎಡವಟ್ಟು ಕೇಳಿ. ನಾವು ಐವರೂ ಅವರವರ ಮನೆಯಲ್ಲಿ ಹುಳ ಸಾಕಿ ಹಣ್ಣಾದವರು. ಹುಳ ತಲೆ ಆಡಿಸಿದ್ದು ಕಣ್ಣಿಗೆ ಬಿದ್ದರೆ ಸಾಕು, ಹಸಿದಿದೆ ಅಂತ ಕೈ ತಾನಾಗಿ ಸೊಪ್ಪಿಗೆ ಹೋಗುತ್ತದೆ. ಶೆಡ್ಡಿನಲ್ಲೂ ಹಾಗೇ ಆಯಿತು. ಒಬ್ಬಳು ಸೊಪ್ಪು ಹಾಕಿ ಆ ಕಡೆ ಹೋದಳು. ಎರಡನೆಯವಳು ಬಂದು "ಅಯ್ಯೋ, ಯಾರೂ ನೋಡ್ನಿಲ್ವಲ್ಲ" ಅಂತ ಒಂದು ಹಿಡಿ ಉದುರಿಸಿದಳು. ಮೂರನೆಯವಳು ನಾನು. ಗೌರಮ್ಮ ಹಾಕಿದಳು, ಐದನೆಯವಳೂ ಹಾಕಿದಳು. ಮಧ್ಯಾಹ್ನ ಊಟ ಮಾಡಿ ಬಂದು ಹರೀಶ ನೋಡುತ್ತಾನೆ, ತಟ್ಟೆಯಲ್ಲಿ ಹುಳವೇ ಇಲ್ಲ! ಎಲ್ಲ ಹಸಿರು ಗುಡ್ಡ.

"ಹುಳ ಎಲ್ರಮ್ಮಾ?"

"ಒಳಗವೆ ಸಾರು, ಉಣ್ತಾ ಕೂತವೆ" ಅಂದಳು ಗೌರಮ್ಮ.

ಹರೀಶ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ನೀವು ಐದು ಜನಾನೂ ತಾಯಂದಿರಾದ್ರೆ ಈ ಮಕ್ಕಳು ಉಸಿರು ಕಟ್ಟಿ ಸಾಯ್ತವೆ ಕಣ್ರಮ್ಮ!" ಅಂದ. ನಮಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಸಂಜೆವರೆಗೂ ಸೊಪ್ಪಿನ ಗುಡ್ಡ ಅಗೆದು ಹುಳ ಹುಡುಕಿದೆವು.

ಮಾರನೇ ದಿನ ಅವನು ಕೆಲಸ ಹಂಚಿದ. ಒಬ್ಬರು ಎಳೆ ಸೊಪ್ಪು ಆರಿಸಿ ಬಿಡಿಸುವುದು. ನಾನು ಹೆಚ್ಚುವುದು. ಗೌರಮ್ಮ ಹುಳಕ್ಕೆ ಉದುರಿಸುವುದು, ಅವಳು ಬಿಟ್ಟು ಇನ್ನೊಬ್ಬರು ಉದುರಿಸಕೂಡದು. ಇನ್ನೊಬ್ಬರು ಹಿಕ್ಕೆ ತೆಗೆದು ಹಾಸು ಬದಲಾಯಿಸುವುದು. ಮತ್ತೊಬ್ಬರು ಕಾವು, ತೇವ ನೋಡಿಕೊಳ್ಳುವುದು. ಇದೇ ನಮ್ಮ ಗುಂಡುಸೂಜಿ. ಮೊದಲು ಮುಖ ಊದಿಸಿಕೊಂಡೆವು. ಆದರೆ ಎರಡೇ ಬೆಳೆಯಲ್ಲಿ ನಾವು ಐವರು ಸಾಕುತ್ತಿದ್ದ ಹುಳಕ್ಕೆ ನಮ್ಮ ಐದು ಮನೆ ಇರಲಿ, ಊರಿನ ಅರ್ಧ ಮನೆಗಳೂ ಸಾಲುತ್ತಿರಲಿಲ್ಲ.

ನನ್ನ ಕೈಯಂತೂ ಮೊದಲನೇ ಜ್ವರ ದಾಟದ ಹುಳಕ್ಕೆ ಸೊಪ್ಪು ಸಣ್ಣಗೆ ಹೆಚ್ಚುವ ಅಳತೆಗೇ ಹೊಂದಿಬಿಟ್ಟಿತು. ಮನೆಯಲ್ಲಿ ಕೊತ್ತಂಬರಿ ಹೆಚ್ಚಿದರೂ ಅದೇ ಅಳತೆ. ನಮ್ಮೆಜಮಾನರು ಸಾರಿನ ತಟ್ಟೆ ನೋಡಿ, "ಇದನ್ನ ನಾನ್ ಉಣ್ಲಾ, ಇಲ್ಲಾ ಗೂಡು ಕಟ್ಲಾ?" ಅಂತ ಕೇಳಿದ್ದರು. ಒಂದೇ ಕೆಲಸ ಮಾಡಿ ಮಾಡಿ ಮನುಷ್ಯನ ಬುದ್ಧಿ ಮಂಕಾಗುತ್ತದೆ ಅಂತ ಆ ಪಂಡಿತನೂ ಹೆದರಿದ್ದನಂತೆ. ಸರಿಯಾಗಿಯೇ ಹೆದರಿದ್ದಾನೆ. ಅದಕ್ಕೇ ನಾವು ಹಠ ಹಿಡಿದು ಬೆಳೆಬೆಳೆಗೂ ಕೆಲಸ ಅದಲುಬದಲು ಮಾಡಿಸಿಕೊಂಡೆವು. ನಂದಿನಿ, ನೀನೂ ಈ ಹುಡುಗಿಯರಿಗೆ ಹಾಗೇ ಮಾಡಬೇಕು. ಇದನ್ನು ಓದುವಾಗ ಈ ಸಾಲು ಹಾರಿಸಬೇಡ.

ಮೊಟ್ಟೆ ಮರಿ ಮಾಡುವ ರೀತಿಯೂ ಬದಲಾಯಿತು. ಮೊಟ್ಟೆಯೊಳಗೆ ಕಪ್ಪು ಚುಕ್ಕೆ ಕಾಣಿಸಿಕೊಂಡ ಮೇಲೆ ಹರೀಶ ಹಾಳೆಗಳನ್ನೆಲ್ಲ ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲು ಮಾಡಿಬಿಡುತ್ತಿದ್ದ. ಮುಂದಾದವು ಕತ್ತಲಲ್ಲಿ ಕಾಯುತ್ತವೆ, ಹಿಂದುಳಿದವು ಬಂದು ಸೇರಿಕೊಳ್ಳುತ್ತವೆ. ಆಮೇಲೆ ಬೆಳಗಿನ ಬೆಳಕಿಗೆ ಬಿಚ್ಚಿದರೆ ಎಲ್ಲ ಒಟ್ಟಿಗೇ ಏಳುತ್ತವೆ. ಎದ್ದದ್ದು ಒಟ್ಟಿಗೆ, ಮೇಯುವುದು ಒಟ್ಟಿಗೆ, ಜ್ವರಕ್ಕೆ ಕೂರುವುದು ಒಟ್ಟಿಗೆ.

ಇಷ್ಟೆಲ್ಲ ಚೆನ್ನಾಗಿದ್ದರೂ ಹುಳ ಕೇಳುವವರು ಬರಲಿಲ್ಲ. ದೂರದೂರಿನ ಒಂದಿಬ್ಬರು ಒಯ್ದರು, ಅಷ್ಟೇ. ನಮ್ಮೂರಿನ ಒಂದು ಮನೆಯೂ ಇಲ್ಲ. ಮೂರನೇ ಬೆಳೆಗೆ ಗೌಡರು ಶೆಡ್ಡಿಗೆ ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದರು. "ನೋಡ್ರವ್ವ, ಈ ಸಲವೂ ಹುಳ ಉಳುಕಂಡ್ರೆ ನಾನ್ ಶೆಡ್ ಮುಚ್ಚಿ ಕೋಳಿ ಬುಡ್ತೀನಿ. ನನಗೆ ಬ್ಯಾರೆ ದಾರಿ ಇಲ್ಲ."

ಕೊಳ್ಳುವವರು ಎಷ್ಟಿದ್ದಾರೋ ಅಷ್ಟು ಮಾತ್ರ ಕೆಲಸ ಹಂಚಿಕೊಳ್ಳಲಾಗುವುದು ಅಂತ ಆ ಪಂಡಿತ ಬರೆದಿದ್ದಾನಂತೆ. ಆವತ್ತು ನಮ್ಮ ಗೌಡರು ಅದನ್ನೇ ಕೋಳಿ ಅಂತ ಹೇಳಿದರು. ಆ ಸಂಬಳದಲ್ಲೇ ನನ್ನ ಮಗ ಐಟಿಐ ಓದುತ್ತಿದ್ದ. ಗಾರ್ಮೆಂಟ್ಸಿನವರು ನನ್ನ ವಯಸ್ಸಿನವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಈ ಕೆಲಸ ಹೋದರೆ ಇನ್ನೊಂದಿಲ್ಲ.

ಊರಲ್ಲಿ ಮನೆಮನೆಗೆ ಹೋಗಿ ಕೇಳಿದೆ. ಈ ಜಯಮ್ಮನ ಮೇಲಿನ, ಅಂದರೆ ನನ್ನ ಮೇಲಿನ ಪ್ರೀತಿಗೆ ಯಾರು ತಾನೇ ಹುಳ ಕೊಳ್ಳುತ್ತಾರೆ? ಅವರವರ ಬೆಳೆಯ ಒಳ್ಳೇದು ಅವರಿಗೆ. ಎಲ್ಲರೂ ಕೇಳಿದ್ದು ಒಂದೇ. "ನಿಮ್ಮ ಮನೇಗೆ ತಗೊಂಡ್ರಾ?"

ಇಲ್ಲ. ನಮ್ಮತ್ತೆ ಗೋಡೆಗೆ ಸೀರೆ ಗಂಟು ಕಟ್ಟುತ್ತಲೇ ಇದ್ದರು.

"ಅತ್ತೆ, ಒಂದೇ ಒಂದು ಬೆಳೆ ನೋಡಿ."

"ಊರೋರ ಮನೇಲಿ ಕಣ್ ಬುಟ್ಟ ಹುಳ ನಮ್ಮ ಹೊಸಿಲು ದಾಟಾಂಗಿಲ್ಲ."

"ನಾನೇ ಸಾಕಿರೋದು ಅಲ್ವಾ? ನಾನೇನ್ ಊರೋಳಾ?"

"ಶೆಡ್ಡಲ್ಲಿದ್ದಾಗ ನೀನ್ ಊರೋಳೆ" ಅಂದರು.

ನಮ್ಮೆಜಮಾನರ ಕಡೆ ನೋಡಿದೆ. ಅವರು ಅವ್ವನ ಮಾತಿಗೂ ಹೂಂ, ನನ್ನ ಮಾತಿಗೂ ಹೂಂ ಅಂದು ಎಮ್ಮೆ ಹಿಡಿದುಕೊಂಡು ಹೊರಟುಹೋದರು.

ಕೊನೆಗೆ ನಾನೊಂದು ಉಪಾಯ ಮಾಡಿದೆ. ಕಪ್ಪು ಕಾಗದ ಬಿಚ್ಚುವ ದಿನ ಬೆಳಿಗ್ಗೆ, "ಅತ್ತೆ, ಕೊಳ್ಳಬ್ಯಾಡಿ, ಸುಮ್ಕೆ ಬಂದು ನೋಡಿ. ತಪ್ಪಿದ್ರೆ ಬಾಯ್ತುಂಬ ಬೈಯ್ಬೋದು" ಅಂದೆ. ಬೈಯುವ ಅವಕಾಶ ಅಂದದ್ದಕ್ಕೆ ತಕ್ಷಣ ಎದ್ದರು. ಬಾಗಿಲಲ್ಲಿ ಹರೀಶ ಕಾಲು ತೊಳೆಸಿದ. ಬಾಯಿ ತೆರೆಯಿರಿ ಅನ್ನುವ ಧೈರ್ಯ ಅವನಿಗೆ ಬರಲಿಲ್ಲ. ಅವರೇ ಎಲೆಅಡಿಕೆ ಉಗುಳಿ, ಮುಕ್ಕಳಿಸಿ, ಒಳಗೆ ಬಂದರು.

ಹರೀಶ ಕಪ್ಪು ಕಾಗದ ಬಿಚ್ಚಿದ. ಮೊದಲು ಏನೂ ಇಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದರು. ಒಸಿ ಹೊತ್ತಿಗೆ ಹಾಳೆ ಮೇಲೆ ಒಂದು ಅಲುಗಿತು, ಪಕ್ಕದಲ್ಲಿ ಇನ್ನೊಂದು. ಆಮೇಲೆ ಇಡೀ ಹಾಳೆಯೇ ಸಣ್ಣ ಕರೀ ಇರುವೆಗಳ ಹಾಗೆ ಮಿಸುಕಾಡಿತು. ಒಂದೂ ಹಿಂದುಳಿದಿಲ್ಲ. ಅತ್ತೆ ಬಗ್ಗಿದವರು ನೆಟ್ಟಗಾಗಲೇ ಇಲ್ಲ. ಅವರ ಬಾಯಿಂದ ಒಂದು ಬೈಗುಳವೂ ಬರಲಿಲ್ಲ.

"ಚೆಂದಾಗೈತೆ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೂ ಕೇಳಿರಲಿಲ್ಲ. ನನಗೆ ಕುಣಿಯುವ ಹಾಗಾಯಿತು. ಅಷ್ಟರಲ್ಲಿ, "ಆದ್ರೂ ನಮ್ಮನೇಗ್ ಬ್ಯಾಡ" ಅಂದುಬಿಟ್ಟರು.

"ಅದ್ಯಾಕತ್ತೆ?"

ಅವರು ಹೊರಗೆ ಬಂದು ಕಲ್ಲು ಚಪ್ಪಡಿ ಮೇಲೆ ಕೂತರು. ದನಿ ಸಣ್ಣದಾಗಿತ್ತು. "ಸೊಪ್ಪು ಕುಯ್ಯೋಕೆ ನನ್ ಸೊಂಟ ಬಗ್ಗಾಕಿಲ್ಲ. ಅಡ್ಗೆ ನೀನ್ ಮಾಡ್ತೀಯೆ. ಹೊಲ ಅವನ್ ನೋಡ್ತಾನೆ. ಮೊಟ್ಟೆ ಕಾಯೋದ್ ಒಂದು ನಂದು. ಅದನ್ನೂ ಈ ಹುಡ್ಗ ಮಾಡಿಕೊಟ್ರೆ ಆ ಮನೇಲಿ ನನಗೇನ್ ಕೆಲ್ಸಮ್ಮಿ?"

ನಾನು ಏನೇನೋ ಉತ್ತರ ಕೂಡಿಸಿಕೊಂಡು ಬಂದಿದ್ದೆ. ಕಾವು, ತೇವ, ಕಪ್ಪು ಕಾಗದ. ಈ ಪ್ರಶ್ನೆಗೆ ಅದರಲ್ಲಿ ಯಾವುದೂ ಉತ್ತರವಲ್ಲ. ಅವರ ಪಕ್ಕದಲ್ಲಿ ಕೂತೆ. ಮಾತು ನನ್ನ ಬಾಯಿಗೆ ತಾನಾಗಿ ಬಂತು.

"ಅತ್ತೆ, ನನ್ನ ಹೆತ್ತು ಸಾಕಿದ್ದು ನಮ್ಮವ್ವ, ಕನಕಪುರದ ಕಡೆ. ನೀವು ನೋಡಾಕ್ ಬಂದ್ರಿ. ಆಕಡೆ ಈಕಡೆ ತಿರುಗಿಸಿ ನೋಡಿ, ಒಪ್ಪಿ, ಮನೆ ತುಂಬಿಸ್ಕೊಂಡ್ರಿ. ಆರಿಸೋ ಕೆಲ್ಸ ಸಣ್ಣದಾ? ಈ ಹುಳನೂ ಹಂಗೇ ಆರಿಸಿ. ನೀವು ಒಪ್ಪಿದ್ದು ಮಾತ್ರ ನಮ್ಮನೇಗೆ ಬರ್ಲಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ನಿನ್ ನೋಡಾಕ್ ಬಂದಾಗ ನಿಮ್ಮವ್ವ ಕಾಫಿ, ಉಪ್ಪಿಟ್ಟು ಕೊಟ್ಟಿದ್ಲು. ಈ ನಿಮ್ ಸಾರು ಒಂದ್ ಲೋಟ ನೀರೂ ಕೊಡ್ನಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹರೀಶ ಸ್ಕೂಟರ್ ಹತ್ತಿ ಅಂಗಡಿಗೆ ಓಡಿದ.

ಎರಡನೇ ಜ್ವರ ಎದ್ದ ದಿನ ಅತ್ತೆ ಹೆಣ್ಣು ನೋಡಲು ಬಂದರು. ತಮಾಷೆಗಲ್ಲ. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಎಲೆಅಡಿಕೆ, ಬಾಳೆಹಣ್ಣು ಹಿಡಿದು ಬಂದರು. ಗೌರಮ್ಮ ಚಾಪೆ ಹಾಸಿದಳು. ಹರೀಶ ಎರಡೂ ಕೈಯಲ್ಲಿ ಲೋಟ ಹಿಡಿದು ಕಾಫಿ ಕೊಟ್ಟ. ಆಮೇಲೆ ತಟ್ಟೆ ಒಂದೊಂದಾಗಿ ತಂದು ಮುಂದೆ ಇಟ್ಟೆವು.

"ಇದು ಒಸಿ ಸಣ್ಕಲು. ಬ್ಯಾಡ."

ಇನ್ನೊಂದು ಬಂತು. "ಇದ್ರ ಬಣ್ಣ ನನಗೆ ಹಿಡಿಸ್ನಿಲ್ಲ."

"ಎಲ್ಲಾ ಒಂದೇ ತಳಿ ಅಜ್ಜಿ, ಬಣ್ಣ ಒಂದೇ" ಅಂದ ಹರೀಶ.

"ನೀ ಸುಮ್ಕಿರಪ್ಪ, ಹೆಣ್ಣಿನ ಕಡೆಯೋನು ಜಾಸ್ತಿ ಮಾತಾಡ್ಬಾರ್ದು" ಅಂತ ಗೌರಮ್ಮ ಅವನ ಬಾಯಿ ಮುಚ್ಚಿಸಿದಳು.

ಮೂರನೇ ತಟ್ಟೆಗೆ ಅತ್ತೆ ಬಗ್ಗಿ ಕಿವಿ ಇಟ್ಟರು. ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತಿದ್ದರು. ನಾವು ಐವರೂ ತಟ್ಟೆ ಸುತ್ತ ಬಗ್ಗಿದೆವು. ಗೌಡರು ಕೂಡ ಕಂಬದ ಹಿಂದೆ ಬಂದು ನಿಂತಿದ್ದರು. ಕೊನೆಗೆ ಅತ್ತೆ ತಲೆಯೆತ್ತಿ, "ಒಪ್ಗೆ" ಅಂದರು. ಗೌರಮ್ಮ ಸಂತೋಷಕ್ಕೆ ಅರಿಸಿನ ಕುಂಕುಮ ತಂದು ತಟ್ಟೆಗೇ ಹಾಕಲು ಹೋದಳು. ಹರೀಶ ಕೂಗಿಕೊಂಡು ಹಾರಿ ಬಂದು ಅವಳ ಕೈ ಹಿಡಿದುಕೊಂಡ, ಹುಳ ಬದುಕಿದವು. ಕುಂಕುಮ ಕೊನೆಗೆ ಅವನ ಹಣೆಗೇ ಬಿತ್ತು.

ಅತ್ತೆ ಒಪ್ಪಿದ ತಟ್ಟೆಗೆ ಒದ್ದೆ ಬಟ್ಟೆ ಹೊದಿಸಿ, ಬೆಳಗಿನ ತಂಪಿನಲ್ಲೇ ಹೊತ್ತು ಹೊರಟೆವು. ಊರ ಬೀದಿಯಲ್ಲಿ ಅತ್ತೆ ಮುಂದೆ, ನಾನು ಹಿಂದೆ. ವ್ಯಾನಿಗೆ ಕಾಯುತ್ತಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. ಮನೆ ಬಾಗಿಲಿಗೆ ಬಂದಾಗ ನಾನು ಎಂದಿನಂತೆ ಒಳಗೆ ಕಾಲಿಡಲು ಹೋದೆ.

"ನಿಲ್ಲಮ್ಮಿ ಅಲ್ಲೇ!" ಅಂದರು ಅತ್ತೆ. "ನೀನು ಹೆಣ್ಣಿನ ಕಡೆಯೋಳು. ಕರೆಯೋಗಂಟ ಒಳೀಕ್ ಬರಾಂಗಿಲ್ಲ."

ನಾನು ನನ್ನ ಮನೆಯ ಹೊಸಿಲಾಚೆ ತಟ್ಟೆ ಹೊತ್ತು ನಿಂತೆ. ಅತ್ತೆ ಆರತಿ ತಂದರು. ಹುಳಕ್ಕೆ ದೂರದಿಂದಲೇ ಬೆಳಗಿದರು, ಹೊಗೆ ತಾಗಬಾರದಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಬನ್ನಿ ಬೀಗಿತಮ್ಮ, ಒಳೀಕ್ ಬನ್ನಿ" ಅಂದರು. ನಮ್ಮೆಜಮಾನರು ಎಮ್ಮೆ ಹಗ್ಗ ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನ್ನನ್ನು ಚಾಪೆ ಮೇಲೆ ಕೂರಿಸಿ, ಆ ಮನೆಗೆ ಬಂದ ಮೇಲೆ ಮೊದಲ ಸಲ, ನಮ್ಮತ್ತೆ ತಾವೇ ನನಗೆ ಬಿಸಿ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಮೇಲೆ ತುಪ್ಪ ಹಾಕಿದರು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆಗ ಎದುರು ಮನೆಯ ಸಣ್ಣಮ್ಮಜ್ಜಿ, ನಮ್ಮತ್ತೆಯ ಓರಗೆಯವರು, ಕೋಲೂರಿಕೊಂಡು ಬಾಗಿಲಿಗೆ ಬಂದರು. ಹುಳದ ತಟ್ಟೆಯನ್ನು ನೋಡಿದರು, ಹಸಿರು ಸೀರೆಯನ್ನು ನೋಡಿದರು, ಚಾಪೆ ಮೇಲೆ ಉಣ್ಣುತ್ತಾ ಕೂತಿದ್ದ ನನ್ನನ್ನೂ ನೋಡಿದರು.

"ಏನೇ ಪುಟ್ಟತಾಯಿ, ಇದೇನೇ ಸಡಗರ?"

"ಹೆಣ್ ತಂದೆ ಕಣೇ" ಅಂದರು ಅತ್ತೆ. "ನಾನೇ ಹೋಗಿ ನೋಡಿ, ಎರಡು ಬ್ಯಾಡ ಅಂದು, ಮೂರನೇದು ಒಪ್ಪಿ ತಂದೆ. ಕಾಫಿ ಗೀಫಿ ಎಲ್ಲಾ ಕೊಟ್ರು. ಒಳ್ಳೆ ಮನ್ಸ್ರು."

ಸಣ್ಣಮ್ಮಜ್ಜಿ ಹೊಸಿಲ ಮೇಲೇ ಕೂತರು. ಕೋಲನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಅಮ್ಮಿ, ಅಲ್ಲಿ ಇನ್ನೂ ಹೆಣ್ಣವೇನಮ್ಮಿ? ನನ್ನೂ ಕರ್ಕೊಂಡ್ ಹೋಗು. ಉಡಾಕೆ ಒಳ್ಳೆ ಸೀರೆ ನನ್ನತ್ರನೂ ಒಂದೈತೆ."